ಬಾಬಾಟುಂಡೆ ಸಾಹೇಬರ ಅಪ್ಪನಿಗೆ ಎಡೆ

ಮನುಷ್ಯನನ್ನು ಅಳೆಯಲು ನನಗೆ ಅವನ ಹೆಸರೊಂದು ಸಾಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ನಿಜ. ಆದರೆ ದೋಹಾದಲ್ಲಿ ಹದಿನಾರು ವರ್ಷದಿಂದ ಪೈಪ್ ಫಿಟ್ಟರ್ ಆಗಿದ್ದೇನೆ. ನಾನು ಬಿಗಿದ ಒಂದು ಜಾಯಿಂಟೂ ಈವರೆಗೆ ಸೋರಿಲ್ಲ. ಇಂಥವನಿಗೆ ಒಬ್ಬ ಎಂಜಿನಿಯರನ್ನು ಅರ್ಥ ಮಾಡಿಕೊಳ್ಳುವುದು ಎಷ್ಟರ ಮಾತು?

ಹೊಸ ಎಂಜಿನಿಯರ್ ನೈಜೀರಿಯಾದವರು. ಹೆಲ್ಮೆಟ್ಟಿನ ಮೇಲೆ ಬಾಬಾಟುಂಡೆ ಎಂದು ಬರೆದಿತ್ತು. ಬಂದ ವಾರವೇ ನನ್ನನ್ನೂ ಕೇರಳದ ಶಾಜಿಯನ್ನೂ ಕರೆದು, “ನಿಮ್ಮಿಬ್ಬರಲ್ಲಿ ಒಬ್ಬರು ಫೋರ್‌ಮನ್. ಮುಂದಿನ ಭಾನುವಾರ ಆಫೀಸಿಗೆ ಹೆಸರು ಕಳಿಸುತ್ತೇನೆ” ಎಂದರು. ಅಂದಿನಿಂದ ಭಾನುವಾರಕ್ಕೆ ದಿನ ಎಣಿಸತೊಡಗಿದೆ.

ಕಾರಣವಿತ್ತು. ಊರಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಮಾತುಕತೆಯ ದಿನ ಬೀಗರು ಫೋನಿನಲ್ಲಿ, “ತಾವು ಅಲ್ಲಿ ಏನಾಗೀರಿ?” ಎಂದು ಕೇಳಿದಾಗ “ಫೋರ್‌ಮನ್” ಎಂಬ ಮಾತು ನನ್ನ ಬಾಯಿಂದ ತಾನಾಗಿಯೇ ಜಾರಿತ್ತು! ಈಗ ಹೆಂಡತಿ ಕಸ್ತೂರಿ ಬಾಗಲಕೋಟೆಯಿಂದ ದಿನಾ ಫೋನು.

“ರೀ, ಪ್ರೆಸ್ಸಿನವ ಕೇಳಾಕತ್ತಾನ. ಲಗ್ನಪತ್ರಿಕ್ಯಾಗ ನಿಮ್ಮ ಹೆಸರಿನ ಕೆಳಗ ಫೋರ್‌ಮನ್ ಅಂತ ಹಾಕ್ಸಲೋ ಬ್ಯಾಡೋ?”

“ಭಾನುವಾರದ ತನಕ ತಡಿಯಾಕ ಹೇಳು.”

“ಆಗೀರೋ ಇಲ್ಲೋ ಅಷ್ಟ ಹೇಳ್ರಿ.”

“ಆದಂಗ ಅದ!”

ಆದಂಗ ಇರುವುದು ಆಗಲೇಬೇಕಲ್ಲ. ಸಾಹೇಬರ ಮನಸ್ಸು ಗೆಲ್ಲಲು ಮೊದಲು ಅವರ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಯೊರುಬಾ ಜನರ ಹೆಸರಂತೆ. ‘ಅಪ್ಪ ಮರಳಿ ಬಂದ’ ಎಂದು ಅರ್ಥವಂತೆ. ಮನೆಯಲ್ಲಿ ಅಪ್ಪನೋ ಅಜ್ಜನೋ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಇಡುತ್ತಾರಂತೆ. ಹೆಣ್ಣಾದರೆ ಯೆಟುಂಡೆ, ‘ಅಮ್ಮ ಮರಳಿ ಬಂದಳು’. ನನ್ನ ಕಣ್ಣು ತುಂಬಿತು. ಇದು ನಮ್ಮದೇ ಪದ್ಧತಿ! ಅಜ್ಜ ಹೋದ ಮರುವರ್ಷ ಹುಟ್ಟಿದೆನೆಂದು ನನಗೂ ಅಜ್ಜನ ಹೆಸರನ್ನೇ ಇಟ್ಟಿದ್ದಾರೆ. ಮಾವನ ಹೆಸರು ಹಿಡಿಯಬಾರದೆಂದು ಅವ್ವ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಬೈಯಲಿಲ್ಲ. ಬೇರೆ ರೀತಿಯಲ್ಲಿ ಧಾರಾಳವಾಗಿ ಬೈದಳು.

ಅಪ್ಪನೋ ಅಜ್ಜನೋ ಎಂಬಲ್ಲಿ ನಾನು ಅಪ್ಪ ಎಂದೇ ತೀರ್ಮಾನಿಸಿದೆ. ಊಟದ ಹೊತ್ತಿನಲ್ಲಿ ಸಾಹೇಬರು ಒಬ್ಬರೇ ಮಂಕಾಗಿ ಕೂರುವುದನ್ನು ಕಣ್ಣಾರೆ ಕಂಡಿದ್ದೆನಲ್ಲ! ಪಾಪ, ತಂದೆಯ ಮುಖ ಕಾಣದ ಮಗ. ಮುಂದೆ ಓದುವ ಅಗತ್ಯ ಕಾಣಲಿಲ್ಲ. ಫೋನನ್ನು ಕಿಸೆಗೆ ಹಾಕಿದೆ.

ಮರುದಿನವೇ ಸೈಟಿನಲ್ಲಿ ಎಲ್ಲರಿಗೂ ತಾಕೀತು ಮಾಡಿದೆ: “ಸಾಹೇಬರ ಎದುರು ಯಾರೂ ಅಪ್ಪ ಎನ್ನಕೂಡದು.” ಆ ಹೊತ್ತಿಗೇ ಶಾಜಿ, ಅಪ್ಪನ ಕಣ್ಣಿನ ಆಪರೇಷನ್ನಿಗೆಂದು ರಜೆ ಅರ್ಜಿ ಹಿಡಿದು ನಿಂತಿದ್ದ. ನಾನು ಅರ್ಜಿ ಕಿತ್ತುಕೊಂಡು ಅಪ್ಪನನ್ನು ಹೊಡೆದುಹಾಕಿ ಚಿಕ್ಕಪ್ಪ ಎಂದು ಬರೆಸಿದೆ. ಸಾಹೇಬರು ಓದಿ, “ಚಿಕ್ಕಪ್ಪನಿಗೆ ಮಕ್ಕಳಿಲ್ಲವೇ? ಈಗ ಕೆಲಸ ಬಹಳ ಇದೆ” ಎಂದು ರಜೆ ನಿರಾಕರಿಸಿದರು. ಶಾಜಿ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನೇ ಅಲ್ಲ! ಸಾಹೇಬರ ಕೈ ಹಿಡಿದು, ನನಗೆ ಬರುವ ಸೈಟಿನ ಇಂಗ್ಲಿಷಿನಲ್ಲಿ, “ಸಾರ್, ನನಗೆಲ್ಲ ಗೊತ್ತು. ಇನ್ನು ಮೇಲೆ ನನ್ನನ್ನೇ ಅಪ್ಪ ಅಂದುಕೊಳ್ಳಿ” ಎಂದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು “ಓಕೆ” ಎಂದರು. ನಮ್ಮಿಬ್ಬರ ವಯಸ್ಸಿನಲ್ಲಿ ಎರಡು ವರ್ಷ ವ್ಯತ್ಯಾಸ. ದೊಡ್ಡವರು ಅವರು! ಅದೇ ಬಿಸಿಯಲ್ಲಿ ಶುಕ್ರವಾರದ ಊಟಕ್ಕೂ ಕರೆದುಬಿಟ್ಟೆ.

ದೋಹಾದ ನಜ್ಮಾ ಬಡಾವಣೆಯಲ್ಲಿ ನನ್ನದೊಂದು ಸಣ್ಣ ಕೋಣೆ. ಜೊತೆಗಿರುವವರು ವಿಟ್ಲದ ದರ್ಜಿ ಹಮೀದಣ್ಣ. ಅಂದು ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಮಾಡಿದೆ. ಮೂಲೆಯಲ್ಲಿ ಮಣೆ ಹಾಕಿ, ಎಲ್ಲವನ್ನೂ ಬಡಿಸಿ, ಹೊಸ ಟವಲ್ ಇಟ್ಟು, ದೀಪ ಹಚ್ಚಿದೆ.

“ಎಂತ ಬಸವರಾಜಣ್ಣ, ಇದು ಯಾರಿಗೆ?” ಎಂದರು ಹಮೀದಣ್ಣ.

“ಸಾಹೇಬರ ತಂದೆಗೆ ಎಡೆ. ತೀರಿಕೊಂಡವರಿಗೆ ನಾವು ಹಿಂಗ ಇಡ್ತೀವಿ.”

“ಸತ್ತದ್ದು ನಿಮಗೆ ಯಾರು ಹೇಳಿದ್ದು ಮಾರಾಯ್ರೆ?”

“ಅವರ ಹೆಸರ ಹೇಳ್ತದ!” ಎಂದು ಹೆಸರಿನ ಅರ್ಥವನ್ನೂ ಶಾಜಿಯ ಅರ್ಜಿಯ ಕತೆಯನ್ನೂ ವಿವರಿಸಿದೆ.

ಬಾಗಿಲ ಗಂಟೆ ಬಾರಿಸಿತು. ಸಾಹೇಬರು ರಜಾದಿನದಲ್ಲೂ ಡ್ಯೂಟಿ ಮುಗಿಸಿ ನೇರ ಬಂದಿದ್ದರು. ಒಳಬಂದವರೇ ಮಣೆಯನ್ನು ನೋಡಿ, “ಇದು ಯಾರಿಗೆ?” ಎಂದರು. ನಾನು ತಲೆ ತಗ್ಗಿಸಿ, “ನಿಮ್ಮ ತಂದೆಗೆ” ಎಂದೆ. ಸಾಹೇಬರ ಮುಖ ಅರಳಿತು.

“ಅವರು ಬರುವುದು ನಿನಗೆ ಹೇಗೆ ಗೊತ್ತಾಯಿತು?”

“ಬಂದೇ ಬರುತ್ತಾರೆ ಸಾರ್. ಕಾಗೆಯ ರೂಪದಲ್ಲಿ.”

“ಕಾಗೆಯೇ? ಇಲ್ಲ, ಟ್ಯಾಕ್ಸಿಯಲ್ಲಿ ಬರುತ್ತಿದ್ದಾರೆ. ಬೆಳಗ್ಗೆ ಲಾಗೋಸ್‌ನಿಂದ ಬಂದು ಅಲ್ ಹಿಲಾಲ್‌ನಲ್ಲಿ ನನ್ನ ತಮ್ಮನ ಮನೆಯಲ್ಲಿ ಇಳಿದುಕೊಂಡಿದ್ದಾರೆ. ನಾನಿನ್ನೂ ನೋಡಿಲ್ಲ. ಸೀದಾ ಇಲ್ಲಿಗೇ ಬರಲು ಹೇಳಿದ್ದೇನೆ.”

ನನಗೆ ಅರ್ಥವಾಗುವ ಮೊದಲೇ ಬಾಗಿಲಲ್ಲಿ ಆರಡಿ ಎತ್ತರದ ವೃದ್ಧರೊಬ್ಬರು ನಿಂತಿದ್ದರು. ಉದ್ದನೆಯ ನೀಲಿ ನಿಲುವಂಗಿ, ತಲೆಗೆ ಟೋಪಿ. “ನಾನು ಬಾಬಾಟುಂಡೆ” ಎಂದರು ಗಂಭೀರವಾಗಿ. ಅಪ್ಪ ಮರಳಿ ಬಂದ!

ಅದೇ ಕ್ಷಣ ಸಾಹೇಬರು ಧಡಾರನೆ ನೆಲಕ್ಕೆ ಬೋರಲು ಬಿದ್ದರು.

ಸತ್ತ ಅಪ್ಪನನ್ನು ಕಂಡರೆ ಯಾರು ತಾನೆ ಬೀಳುವುದಿಲ್ಲ? “ಹಮೀದಣ್ಣ, ಫಿಟ್ಸು! ಉಳ್ಳಾಗಡ್ಡಿ ತರ್ರಿ!” ಎಂದು ಕೂಗಿದೆ. ಫಿಟ್ಸು ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಊರಲ್ಲಿ ನೋಡಿದ್ದೆ. ಬೀಗದ ಕೈ ಸಿಗಲಿಲ್ಲ. ಮಂಚದ ಕೆಳಗಿಂದ ಪೈಪ್ ಬಿಗಿಯುವ ಎರಡಡಿಯ ಕಬ್ಬಿಣದ ಪಾನಾ ಎಳೆದು ಸಾಹೇಬರ ಕೈಯಲ್ಲಿ ತುರುಕಿ ಬಿಗಿಯಾಗಿ ಒತ್ತಿದೆ. ಹಮೀದಣ್ಣ ಮೂಗಿಗೆ ಈರುಳ್ಳಿ ಹಿಡಿದರು.

ಬಿದ್ದಲ್ಲಿಂದಲೇ ಸಾಹೇಬರು ಕತ್ತು ಹೊರಳಿಸಿದರು. “ಬಸವರಾಜ್, ಏನು ಮಾಡುತ್ತಿದ್ದೀಯ?”

“ಗಟ್ಟಿಯಾಗಿ ಹಿಡಿದುಕೊಳ್ಳಿ ಸಾರ್! ಈಗ ಇಳಿಯುತ್ತದೆ!”

“ನಾನು ನನ್ನ ಅಪ್ಪನಿಗೆ ನಮಸ್ಕಾರ ಮಾಡುತ್ತಿದ್ದೇನೆ.”

ಯೊರುಬಾ ಗಂಡಸರು ಹಿರಿಯರಿಗೆ ಹೀಗೆ ನೆಲಕ್ಕೆ ಬಿದ್ದು ನಮಸ್ಕರಿಸುತ್ತಾರಂತೆ. ಪ್ರತಿ ಯುಗಾದಿಗೆ ಅಪ್ಪನ ಕಾಲ ಬಳಿ ಅಡ್ಡ ಬಿದ್ದು ಬೆಳೆದವನು ನಾನು. ನನಗೇ ಹೊಳೆಯಲಿಲ್ಲ!

ಅಷ್ಟರಲ್ಲಿ ವೃದ್ಧರು ಮೂಲೆಗೆ ಹೋಗಿ ಎಡೆಯ ಮುಂದೆ ಕೂತು, ಹೊಸ ಟವಲನ್ನು ಹೆಗಲಿಗೆ ಹಾಕಿಕೊಂಡು ಹೋಳಿಗೆ ಮುರಿದರು. ತಿನ್ನುತ್ತಲೇ ಅವರು ಹೆಸರಿನ ಕತೆ ಹೇಳಿದರು. ಅವರ ಅಜ್ಜ ಹುಟ್ಟುವ ಮೊದಲು ಮನೆಯ ಹಿರಿಯರು ತೀರಿಕೊಂಡಿದ್ದರಂತೆ. ಅದಕ್ಕೆ ಅಜ್ಜನಿಗೆ ಆ ಹೆಸರು. ಮುಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅಲ್ಲಿಯವರು ಮನೆತನದ ಹೆಸರು ಕೇಳಿದರು, ಅಜ್ಜ ಅದನ್ನೇ ಬರೆಸಿದರು. “ಈಗ ನಾನೂ ಬಾಬಾಟುಂಡೆ, ಇವನೂ ಬಾಬಾಟುಂಡೆ, ನನ್ನ ಸೊಸೆಯೂ ಬಾಬಾಟುಂಡೆ. ನಮ್ಮೂರ ಪೇಟೆಯಲ್ಲಿ ಈ ಹೆಸರು ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ” ಎಂದು ನಕ್ಕರು. ಆಮೇಲೆ ಕೇಳಿದರು: “ನನಗೊಬ್ಬನಿಗೇ ಈ ದೀಪ ಯಾಕೆ?”

ನಾನು ಹಮೀದಣ್ಣನಿಗೆ ಕಣ್ಣಲ್ಲೇ ಕೈ ಮುಗಿದೆ. ಆದರೆ ಅವರಿಗೆ ನನ್ನನ್ನು ಇಂಗ್ಲಿಷಿನಲ್ಲೇ ಹೊಗಳುವ ಹುಮ್ಮಸ್ಸು ಬಂದಿತ್ತು. “ಇವರದ್ದು ಭಾರೀ ಒಳ್ಳೆ ಮನಸ್ಸು ಸಾರ್! ನೀವು ಸತ್ತಿದ್ದೀರಿ ಅಂತ ಬೆಳಗ್ಗಿಂದ ಅಡುಗೆ ಮಾಡಿದ್ದಾರೆ. ನಿಮ್ಮ ಮಗನಿಗೆ ಬೇಜಾರಾಗ್ತದೆ ಅಂತ ಶಾಜಿಯ ಅಪ್ಪನನ್ನು ಸಹ ಚಿಕ್ಕಪ್ಪ ಮಾಡಿ ಬರೆಸಿದ್ದಾರೆ!”

ಖಲಾಸ್!

ವೃದ್ಧರು ಹೊಟ್ಟೆ ಹಿಡಿದುಕೊಂಡು ನಕ್ಕು ಇನ್ನೊಂದು ಹೋಳಿಗೆ ಕೇಳಿದರು. ಸಾಹೇಬರು ನಗಲಿಲ್ಲ. ಅಲ್ಲೇ ಕೂತು ಶಾಜಿಗೆ ಫೋನು ಮಾಡಿ ರಜೆ ಕೊಟ್ಟರು.

ಭಾನುವಾರ ಬೆಳಗ್ಗೆ ಕರೆದರು. “ಬಸವರಾಜ್, ನಿನ್ನಂಥ ಫಿಟ್ಟರ್ ಇಲ್ಲ. ನನ್ನ ಅಪ್ಪನನ್ನು ಸಾಯಿಸಿದ್ದನ್ನು ಕ್ಷಮಿಸಿದ್ದೇನೆ. ಶಾಜಿಯ ಅಪ್ಪನನ್ನು ಚಿಕ್ಕಪ್ಪ ಮಾಡಿದ್ದನ್ನು ಕ್ಷಮಿಸಲಾರೆ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳದೆ ತೀರ್ಮಾನಿಸುವವನ ಕೈಗೆ ನಲವತ್ತು ಜನರನ್ನು ಹೇಗೆ ಕೊಡಲಿ?” ಶಾಜಿ ಫೋರ್‌ಮನ್ ಆದ. ಸಾಹೇಬರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಕಸ್ತೂರಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಬಿಕ್ಕುವಂಥ ಸದ್ದು ಬಂತು. ಬೀಗರ ಮುಂದೆ ಮಾನ ಹೋಯಿತಲ್ಲ ಎಂದು ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು!

“ಫಿಟ್ಟರ್ ಅಂತನ ಹಾಕ್ಸಿ ಎರಡ ದಿನ ಆತ್ರೀ. ನಿಮ್ಮ ಆದಂಗ ಅದ ಅನ್ನೂದು ನನಗ ಗೊತ್ತಿಲ್ಲೇನು? ಬೀಗರಿಗೂ ಖರೇ ಹೇಳೀನಿ. ಅವರು ಬಾಳ ಖುಷಿ ಆದ್ರು.”

“ಖುಷಿ ಯಾಕ?”

“ಅವರ ಬಚ್ಚಲದಾಗ ಆರು ತಿಂಗಳಿಂದ ನಳ ಸೋರಾಕತ್ತಾವಂತ. ಲಗ್ನಕ್ಕ ನಾಕ ದಿನ ಮೊದಲ ಬರಾಕ ಹೇಳ್ಯಾರ!”

ಹೀಗೆ ಹದಿನಾರು ವರ್ಷದ ಅನುಭವಕ್ಕೆ ತಕ್ಕ ಮರ್ಯಾದೆ ನನಗೆ ಕೊನೆಗೂ ಸಿಕ್ಕಿತು. ಬೀಗರ ಬಚ್ಚಲಮನೆಯಲ್ಲಿ!