ಡ್ಯಾನ್ಯೂಬ್ ನದಿಯಲ್ಲಿ ಕಳೆದುಹೋದ ನನ್ನ ಜಗಳದ ಕುರಿತು

ಇವರಿಗೆ,
ಸನ್ಮಾನ್ಯ ಪ್ರಧಾನ ವ್ಯವಸ್ಥಾಪಕರು,
ಅತಿಥಿಗಳ ಸುಖಸಂತೋಷ ವಿಭಾಗ,
ಮಂದಪ್ರವಾಹ ನದಿವಿಹಾರ ಕಂಪನಿ, ಯುರೋಪು ಖಂಡ.

ಮಾನ್ಯರೇ,

ಇಂಡಿ ಪಟ್ಟಣದಲ್ಲಿ ಹನಿ ನೀರಾವರಿ ಪೈಪುಗಳ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷಗಳಿಂದ ಮರ್ಯಾದೆಯಾಗಿ ಬದುಕಿರುವ ಬಸಂತರಾಯ ಸಾಲೋಟಗಿ ಎಂಬ ನಾನು, ತಮಗೂ, ತಮ್ಮ ಹಡಗಿನ ಕ್ಯಾಪ್ಟನ್ನರಿಗೂ, ದಿನಕ್ಕೆ ನಾಲ್ಕು ಸಲ ನಮ್ಮನ್ನು ನೋಡಿ ಕಾರಣವಿಲ್ಲದೆ ನಕ್ಕ ತಮ್ಮ ಸಿಬ್ಬಂದಿಗೂ, ಕೊನೆಗೆ ಆ ನದಿಗೂ ಸಾಷ್ಟಾಂಗ ನಮಸ್ಕಾರ ತಿಳಿಸುತ್ತೇನೆ. ಪ್ರವಾಸ ಮುಗಿದ ಮೇಲೆ ತಾವು ದಯಮಾಡಿ ಕಳುಹಿಸಿದ ಅಭಿಪ್ರಾಯ ಪತ್ರ ತಲುಪಿತು. ಅದರಲ್ಲಿ ‘ಹಡಗಿನಲ್ಲಿ ತಮ್ಮ ಯಾವುದಾದರೂ ವಸ್ತು ಕಳೆದುಹೋಗಿದೆಯೇ?’ ಎಂದು ಕೇಳಿ, ಉತ್ತರಕ್ಕೆ ಒಂದು ಗೆರೆ ಜಾಗ ಬಿಟ್ಟಿದ್ದೀರಿ. ಕಳೆದುಹೋಗಿದೆ, ಮಾನ್ಯರೇ. ಆದರೆ ಅದು ಒಂದು ಗೆರೆಯಲ್ಲಿ ಹಿಡಿಸುವ ವಸ್ತುವಲ್ಲವಾದ್ದರಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಕಳೆದದ್ದು ಒಂದು ಜಗಳ. ಹನ್ನೊಂದು ವರ್ಷ ಹಳೆಯದು, ಹಡಗು ಹತ್ತುವಾಗ ಸುಸ್ಥಿತಿಯಲ್ಲಿತ್ತು, ಇಳಿಯುವಾಗ ಇರಲಿಲ್ಲ.

ನಾನು ತಮ್ಮ ಹಡಗು ಹತ್ತಿದ್ದು ಹೇಗೆಂಬುದನ್ನು ಮೊದಲು ವಿನಂತಿಸಿಕೊಳ್ಳುತ್ತೇನೆ. ನಮಗೆ ಪೈಪು ಸರಬರಾಜು ಮಾಡುವ ಕಂಪನಿಯವರು ವರ್ಷದ ಗುರಿ ಮುಟ್ಟಿದ ವ್ಯಾಪಾರಿಗಳನ್ನು ವಿದೇಶಕ್ಕೆ ಕರೆದೊಯ್ಯುವ ಪದ್ಧತಿ ಇಟ್ಟುಕೊಂಡಿದ್ದಾರೆ. ಈ ಸಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿ ಹತ್ತು ಜನ ಗುರಿ ಮುಟ್ಟಿದೆವು. ಜರ್ಮನಿಯ ಪಾಸೌ ಎಂಬ ಊರಿನಲ್ಲಿ ಹಡಗು ಹತ್ತುವುದು, ಡ್ಯಾನ್ಯೂಬ್ ನದಿಯ ಮೇಲೆ ಹಳೆಯ ಊರುಗಳನ್ನೂ ದ್ರಾಕ್ಷಿ ತೋಟಗಳನ್ನೂ ನೋಡುತ್ತ ಏಳನೆಯ ದಿನ ಬುಡಾಪೆಸ್ಟಿನಲ್ಲಿ ಇಳಿಯುವುದು, ಒಂದು ಕೋಣೆಗೆ ಇಬ್ಬರು ಎಂದು ಠರಾವಾಯಿತು. ತಮ್ಮ ಕಚೇರಿಯ ಯಾರೋ ಪುಣ್ಯಾತ್ಮರು ಪಟ್ಟಿ ನೋಡಿ, ಇಂಡಿಯವರು ಇಬ್ಬರೇ ಇದ್ದಾರೆ, ಒಂದೇ ಊರಿನವರು ಕೂಡಿದ್ದರೆ ಖುಷಿಯಾಗಿರುತ್ತಾರೆ ಎಂದು ಭಾವಿಸಿ ನನ್ನನ್ನೂ ಕಾಸಿಂಸಾಬನನ್ನೂ ಒಂದೇ ಕೋಣೆಗೆ ಹಾಕಿದರು. ಇಂಡಿಯ ಬಸ್ ನಿಲ್ದಾಣದ ಹತ್ತಿರ ಎದುರುಬದುರು ಅಂಗಡಿ ಇಟ್ಟುಕೊಂಡು ಹನ್ನೊಂದು ವರ್ಷಗಳಿಂದ ಒಂದು ಮಾತೂ ಆಡದವರು ನಾವೇ ಇಬ್ಬರು ಎಂಬುದನ್ನು ಅವರು ವಿಚಾರಿಸಲಿಲ್ಲ.

ಜಗಳದ ಕಾರಣ ತಮಗೆ ತಿಳಿಯಬೇಕಾದರೆ ನಮ್ಮ ಆಹೇರಿಯ ಪದ್ಧತಿ ತಿಳಿಯಬೇಕು. ನಮ್ಮ ಕಡೆ ಮದುವೆಗಳಲ್ಲಿ ಬೇಕಾದವರನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು, ತಲೆಗೆ ಟೋಪಿ ಇಟ್ಟು, ಹೆಗಲಿಗೆ ಟಾವೆಲ್ ಹಾಕಿ, ಕೈಗೆ ತೆಂಗಿನಕಾಯಿ ಕೊಡುತ್ತೇವೆ. ಆ ಟಾವೆಲಿನಿಂದ ಯಾರೂ ಮೈ ಒರೆಸಿಕೊಳ್ಳುವುದಿಲ್ಲ. ಅದನ್ನು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಹೆಗಲಿಗೆ ಹಾಕುತ್ತೇವೆ. ಹೀಗೆ ಹೊರ್ತಿಯಲ್ಲಿ ಹುಟ್ಟಿ, ಆಲಮೇಲ ಕಂಡು, ಸಿಂದಗಿ ಸುತ್ತಿ, ನೀರನ್ನೇ ಮುಟ್ಟದೆ ಮುಪ್ಪಾದ ಟಾವೆಲುಗಳು ನಮ್ಮಲ್ಲಿವೆ. ಈ ವ್ಯವಸ್ಥೆಗೆ ಇರುವುದು ಒಂದೇ ಕಾನೂನು, ಬಂದ ಮನೆಗೆ ಟಾವೆಲ್ ವಾಪಸ್ ಹೋಗಬಾರದು.

ನನ್ನ ಮಗಳು ಭಾಗ್ಯಜ್ಯೋತಿಯ ಮದುವೆಯ ಗಡಿಬಿಡಿಯಲ್ಲಿ ನಾನು ಆ ಕಾನೂನು ಮುರಿದೆ. ಅದಕ್ಕೆ ಆರು ತಿಂಗಳ ಮುಂಚೆ ತನ್ನ ಮಗ ಆಸಿಫನ ಮದುವೆಯಲ್ಲಿ ಕಾಸಿಂಸಾಬ ನನಗೆ ಹಾಕಿದ್ದ ಟಾವೆಲನ್ನೇ, ಬಾಲ್ಯದಿಂದ ನನ್ನ ಗೆಳೆಯನಾದ ಅವನ ಹೆಗಲಿಗೆ ಸಾವಿರ ಜನರೆದುರು ಹಾಕಿಬಿಟ್ಟೆ. ಅದರ ಮೂಲೆಯಲ್ಲಿ ಊದಿನಕಡ್ಡಿಯ ಕಿಡಿ ಬಿದ್ದು ಆದ ಕಡಲೆಕಾಳಿನಷ್ಟು ತೂತಿತ್ತು. ಅವನು ತೂತು ನೋಡಿದ, ನನ್ನ ಮುಖ ನೋಡಿದ, ‘ಬಸೂ, ಇದು ನನ್ನ ಟಾವೆಲ್ ಐತಲ್ಲೋ’ ಎಂದ. ಮೈಕು ಚಾಲೂ ಇತ್ತು. ನಾನಾದರೂ ಸುಮ್ಮನಿರಬೇಕಿತ್ತು, ಇರಲಿಲ್ಲ. ‘ಹಂಗಾರ ತೂತು ಬಿದ್ದದ್ದು ಗೊತ್ತಿದ್ದೂ ನನಗ್ಯಾಕ ಹಾಕಿದ್ದಿಲೇ?’ ಎಂದೆ. ಮೈಕು ಆಗಲೂ ಚಾಲೂ ಇತ್ತು. ಅವನು ಟಾವೆಲ್ ತೆಗೆದು ಕುರ್ಚಿಯ ಮೇಲಿಟ್ಟು ಊಟ ಮಾಡದೆ ಹೋದ.

ಅಂದಿನಿಂದ ಆ ಜಗಳವನ್ನು ನಾವು ಎಷ್ಟು ಶ್ರದ್ಧೆಯಿಂದ ಬೆಳೆಸಿದೆವೆಂದರೆ, ಅಷ್ಟು ಶ್ರದ್ಧೆ ಅಂಗಡಿಯ ಮೇಲಿಟ್ಟಿದ್ದರೆ ಇಬ್ಬರೂ ಹಡಗನ್ನೇ ಕೊಂಡಿರುತ್ತಿದ್ದೆವು. ಅವನು ತನ್ನ ಅಂಗಡಿಯ ಬೋರ್ಡನ್ನು ಒಂದು ಅಡಿ ಎತ್ತರಿಸಿದರೆ ನಾನು ಎರಡು ಅಡಿ ಎತ್ತರಿಸಿದೆ. ಈಗ ಎರಡೂ ಬೋರ್ಡುಗಳು ಎಷ್ಟು ಮೇಲಿವೆಯೆಂದರೆ ಗಿರಾಕಿಗಳು ಓದಲಾರರು, ಹದ್ದುಗಳು ಓದುತ್ತವೆ. ಮೂಲೆಯ ಹೋಟೆಲಿನಲ್ಲಿ ಬೆಳಗಿನ ಚಹಾ ನನ್ನದು, ಸಂಜೆಯದು ಅವನದು ಎಂದು ಮಾಲೀಕರೇ ಪಾಳಿ ಹಚ್ಚಿಕೊಟ್ಟರು. ಪರಊರಿನವರಿಗೆ ದಾರಿ ಹೇಳುವಾಗ ಜನರು ‘ಮಾತಾಡದವರ ಅಂಗಡಿ ಬರ್ತಾವಲ್ರಿ, ಅಲ್ಲಿ ಹೊಳ್ಳರಿ’ ಎನ್ನುವಷ್ಟು ನಮ್ಮ ಜಗಳ ಊರಿನ ಆಸ್ತಿಯಾಗಿತ್ತು.

ಇಂಥದ್ದನ್ನು ಹೊತ್ತುಕೊಂಡು ನಾವು ತಮ್ಮ ಕೋಣೆಯ ಬಾಗಿಲು ತೆರೆದೆವು. ಒಳಗೆ ಒಂದಕ್ಕೊಂದು ತಾಗಿಸಿಟ್ಟ ಎರಡು ಮಂಚ, ಮಂಚಗಳ ಮೇಲೆ ಟಾವೆಲುಗಳನ್ನು ತಿರುವಿ ಮಡಚಿ ಮಾಡಿದ ಎರಡು ಹಂಸಗಳು, ಒಂದರ ಕೊಕ್ಕಿಗೆ ಇನ್ನೊಂದರ ಕೊಕ್ಕು ತಾಗಿಸಿಕೊಂಡು ಪ್ರೀತಿಯಲ್ಲಿ ಕುಳಿತಿದ್ದವು. ಟಾವೆಲಿನಿಂದಲೇ ಕೆಟ್ಟ ಇಬ್ಬರು ಅರವತ್ತರ ಗಂಡಸರನ್ನು ಟಾವೆಲಿನಿಂದಲೇ ಸ್ವಾಗತಿಸಿದ ತಮ್ಮ ಸೂಕ್ಷ್ಮ ಬುದ್ಧಿಗೆ ಏನು ಹೇಳಲಿ! ಕೋಣೆ ಅದಲುಬದಲು ಮಾಡಿಕೊಳ್ಳೋಣವೆಂದು ನಮ್ಮ ಹತ್ತು ಜನರಲ್ಲೊಬ್ಬರಾದ ಮುದ್ದೇಬಿಹಾಳದ ಗುರುನಾಥರನ್ನು ಬೇಡಿಕೊಂಡೆ. ಅವರು ನಗುತ್ತ ‘ನೀವಿಬ್ರೂ ಒಂದೇ ಖೋಲ್ಯಾಗ ಇರ್ರಿ, ನಮಗೂ ಏನರೆ ನೋಡಾಕ ಬೇಕಲ್ರಿ, ಬರೇ ಚರ್ಚ್ ಎಷ್ಟಂತ ನೋಡೂದು’ ಎಂದುಬಿಟ್ಟರು.

ಮರುದಿನ ಹಂಸಗಳ ಜಾಗದಲ್ಲಿ ಒಂದು ಆನೆ ಬಂತು. ತಮ್ಮ ಕೋಣೆ ನೋಡಿಕೊಳ್ಳುವ ದಪ್ಪ ಮೀಸೆಯ ಮಹಾಶಯರು ನಾವು ತಿಂಡಿಗೆ ಹೋದಾಗ ಟಾವೆಲಿನಿಂದ ದಿನಕ್ಕೊಂದು ಪ್ರಾಣಿ ಮಾಡಿಟ್ಟು ಹೋಗುತ್ತಿದ್ದರು. ಆನೆಯನ್ನು ನೋಡುತ್ತ ಕುಳಿತ ಕಾಸಿಂಸಾಬ ಇದ್ದಕ್ಕಿದ್ದಂತೆ, ‘ಏ ಆನಿ, ಥಂಡಿ ಭಾಳ ಐತಿ, ಕಿಟಕಿ ಮುಚ್ಚಂತ ಹೇಳು ಅಂವಗ’ ಎಂದ. ನಾನು ಅವನೊಡನೆ ಮಾತಾಡುವವನಲ್ಲ. ಆದರೆ ಆನೆಯ ಮೇಲೆ ನನಗೇನೂ ಸಿಟ್ಟಿರಲಿಲ್ಲವಾದ್ದರಿಂದ, ‘ಆನೆಪ್ಪಾ, ಥಂಡಿ ಹತ್ತಿದವ್ರು ತಾವೇ ಎದ್ದು ಮುಚ್ಚಬೇಕಂತ ಹೇಳು’ ಎಂದೆ. ಆನೆ ಎರಡೂ ಕಡೆಯ ಮಾತು ಕೇಳಿಕೊಂಡಿತು, ಯಾರ ಪಕ್ಷವನ್ನೂ ವಹಿಸಲಿಲ್ಲ. ನಮ್ಮ ತಾಲ್ಲೂಕಿನ ಎಷ್ಟೋ ಪಂಚಾಯತಿಗಳಲ್ಲಿ ಅಂಥ ಪಂಚರು ಸಿಕ್ಕಿಲ್ಲ.

ಮೂರನೆಯ ದಿನ ಮಂಗ ಬಂತು. ಮಂಗನ ಮುಖಾಂತರ ಅವನು ನನ್ನ ಗೊರಕೆಯ ಬಗ್ಗೆ ತಕರಾರು ಹೇಳಿದ, ನಾನು ಅವನ ಸುಗಂಧ ಎಣ್ಣೆಯ ಬಗ್ಗೆ ಹೇಳಿದೆ, ನಡುವೆ ಹೇಗೋ ನಮ್ಮ ಮಾಸ್ತರರೊಬ್ಬರ ಹೆಸರು ಬಂದು ಇಬ್ಬರೂ ಮಂಗನನ್ನು ನೋಡಿ ನಕ್ಕೆವು. ಅದೇ ಮಧ್ಯಾಹ್ನ ದ್ಯೂರ್ನ್‌ಸ್ಟೈನ್ ಎಂಬ ಊರಿನಲ್ಲಿ ತಮ್ಮ ಗೈಡಮ್ಮನವರು ಛತ್ರಿ ಎತ್ತಿ ಹಿಡಿದು, ಗುಡ್ಡದ ಮೇಲಿನ ಪಾಳುಕೋಟೆಯಲ್ಲಿ ಹಿಂದೆ ಇಂಗ್ಲೆಂಡಿನ ರಾಜನೊಬ್ಬನನ್ನು ಕೂಡಿಹಾಕಿದ್ದರೆಂದು ಕಣ್ಣರಳಿಸಿ ಹೇಳುತ್ತಿದ್ದರು. ನಾವಿಬ್ಬರೂ ಆ ರಾಜನನ್ನು ಅಲ್ಲೇ ಬಿಟ್ಟು ದ್ರಾಕ್ಷಿ ತೋಟದ ಅಂಚಿನಲ್ಲಿ ಬಾಗಿ ನಿಂತಿದ್ದೆವು, ಯಾಕೆಂದರೆ ಅಲ್ಲಿ ಹನಿ ಪೈಪಿನ ಒಂದು ಜೋಡಣೆ ಸೋರುತ್ತಿತ್ತು. ‘ವಾಷರ್ ಹೋಗೈತಿ’ ಎಂದು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಅವನು ಅದನ್ನು ದ್ರಾಕ್ಷಿಬಳ್ಳಿಗೆ ಹೇಳಿದ್ದೆಂದು ತೋರಿಸಿಕೊಂಡ, ನಾನು ಗುಡ್ಡಕ್ಕೆ ಹೇಳಿದ್ದೆಂದು ತೋರಿಸಿಕೊಂಡೆ. ಹೀಗೆ ಕಾನೂನಿನ ಪ್ರಕಾರ ಜಗಳ ಆಗಲೂ ಊರ್ಜಿತವಾಗಿತ್ತು ಎಂಬುದನ್ನು ತಾವು ಗಮನಿಸಬೇಕು.

ಇಲ್ಲಿ ತಮ್ಮ ಹಡಗಿನ ವೇಗದ ಬಗ್ಗೆಯೂ ದೂರುವುದಿದೆ. ದಂಡೆಯ ಮೇಲೆ ನಾಯಿ ಹಿಡಿದುಕೊಂಡು ವಾಯುವಿಹಾರಕ್ಕೆ ಹೊರಟ ಅಜ್ಜಿಯೊಬ್ಬರು ನಮ್ಮ ಜೊತೆಜೊತೆಗೇ ಎಷ್ಟೋ ದೂರ ಬಂದು, ಬೇಸರವಾಗಿ, ಮುಂದೆ ಹೋದರು. ಇಂಡಿಯಿಂದ ಸಿಂದಗಿಗೆ ಹೋಗುವ ಬಸ್ಸಿನಲ್ಲಾದರೆ ಮನುಷ್ಯ ಮುಖ ಗಂಟಿಕ್ಕಿಕೊಂಡು ಹತ್ತಿ, ಹಾಗೆಯೇ ಇಳಿಯಬಹುದು, ಸಿಟ್ಟು ಕೆಡುವಷ್ಟು ಹೊತ್ತು ಸಿಗುವುದಿಲ್ಲ. ತಾವು ಏಳು ದಿನ ಹಿಡಿದಿರಿ. ಮೋಡ, ಹಸಿರು ಗುಡ್ಡ, ಗಂಟೆ ಬಾರಿಸುವ ಹಳೆಯ ಊರು, ಮತ್ತೆ ಮೋಡ. ಇಷ್ಟು ನಿಧಾನದಲ್ಲಿ ಯಾವ ಸಿಟ್ಟು ತಾನೇ ಉಳಿದೀತು?

ಆದರೂ ಉಳಿಯುತ್ತಿತ್ತು, ತಮ್ಮ ಮೀಸೆಯ ಮಹಾಶಯರು ಗುರುವಾರ ರಜೆ ಹಾಕದಿದ್ದರೆ. ಅಂದು ತಿಂಡಿ ಮುಗಿಸಿ ಬಂದು ನೋಡಿದರೆ ಪ್ರಾಣಿ ಇರಲಿಲ್ಲ. ಬದಲಿಗೆ ಬಂದವರು ಎರಡು ಟಾವೆಲುಗಳನ್ನು ಸಪಾಟಾಗಿ ಮಡಚಿ ಇಟ್ಟು ಹೋಗಿದ್ದರು. ಮಾತಾಡಲು ನಡುವೆ ಯಾರೂ ಇಲ್ಲದೆ ನಾವು ಒಂದು ತಾಸು ಆ ಕಡೆಯ ದಂಡೆಯನ್ನೇ ನೋಡುತ್ತ ಕುಳಿತೆವು. ಆಮೇಲೆ ಕಾಸಿಂಸಾಬ ನನ್ನ ಕಡೆ ತಿರುಗಿ, ನೇರವಾಗಿ ನನಗೇ, ‘ಬಸೂ, ಅವ್ವ ತೀರಿಕೊಂಡಾಗ ನೀ ಬರಲಿಲ್ಲ’ ಎಂದ.

ಅವ್ವ ಎಂದರೆ ರಾಜಬಿ, ಅವನ ತಾಯಿ. ನಾನು ಸಾಲಿಗೆ ಹೋಗುವ ಕಾಲದಲ್ಲಿ ನಮ್ಮ ಮನೆಯಲ್ಲಿ ಒಲೆ ಹೊತ್ತದ ದಿನಗಳು ಬಹಳವಿದ್ದವು. ಅಂಥ ದಿನ ಆ ತಾಯಿ ಏನನ್ನೂ ಕೇಳದೆ, ಮಗನ ತಾಟಿಗೊಂದು ರೊಟ್ಟಿ ಹಾಕಿದರೆ ನನ್ನ ತಾಟಿಗೂ ಒಂದು ಹಾಕಿದವರು. ಅವರು ತೀರಿಕೊಂಡು ಆರು ವರ್ಷವಾಯಿತು. ‘ಬಂದಿದ್ನೋ, ರಸ್ತೆ ಆ ಕಡೆ ಬೇವಿನ ಗಿಡದ ಕೆಳಗ ನಿಂತಿದ್ನಿ’ ಎಂದೆ. ಅವನು, ‘ನೋಡಿದ್ನಿ. ನಾ ಕರೀಬೇಕಿತ್ತು, ಕರೀಲಿಲ್ಲ’ ಎಂದ. ಮತ್ತೆ, ‘ಕಡೀ ಮೂರು ದಿನ ಬಾಗಿಲಾ ಸಪ್ಪಳಾದಾಗೊಮ್ಮೆ ಬಸೂ ಬಂದಾನೇನು ನೋಡು ಅಂತಿದ್ಳು’ ಎಂದ. ಮಾನ್ಯರೇ, ನಾನು ಅಳುವ ಪೈಕಿಯವನಲ್ಲ. ಅಂದು ಅತ್ತೆ. ಕೈಗೆ ಸಿಕ್ಕ ಟಾವೆಲಿನಿಂದ ಮುಖ ಒರೆಸಿಕೊಂಡೆ, ಆಮೇಲೆ ಅದೇ ಟಾವೆಲ್ ಅವನಿಗೆ ಕೊಟ್ಟೆ, ಅವನೂ ಒರೆಸಿಕೊಂಡ.

ವಿಯೆನ್ನಾದಲ್ಲಿ ಅರಮನೆ ತೋರಿಸಿದಿರಂತೆ, ಬುಡಾಪೆಸ್ಟಿನ ಸೇತುವೆಗಳು ಬಹಳ ಚೆಂದವಂತೆ. ಗುರುನಾಥರು ಫೋಟೋ ತೋರಿಸಿದರು. ನಾವು ಹನ್ನೊಂದು ವರ್ಷದ ಮಾತು ಬಾಕಿ ಇಟ್ಟುಕೊಂಡಿದ್ದರಿಂದ ಯಾವುದನ್ನೂ ನೋಡಲಿಲ್ಲ. ಊರಿಗೆ ಬಂದ ಮೇಲಿನ ಹಾನಿ ಬೇರೆ. ಹೋಟೆಲಿನವರ ಪಾಳಿ ಕೆಟ್ಟು, ನಾವಿಬ್ಬರೂ ಬೆಳಿಗ್ಗೆ ಕುಳಿತವರು ಮಧ್ಯಾಹ್ನದ ತನಕ ಏಳುವುದಿಲ್ಲವೆಂದು ಅವರು ಗೊಣಗುತ್ತಿದ್ದಾರೆ. ದಾರಿ ಹೇಳುವವರಿಗೆ ಗುರುತು ಉಳಿದಿಲ್ಲ. ಆಕಾಶದಲ್ಲಿರುವ ಎರಡು ಬೋರ್ಡುಗಳನ್ನು ಇಳಿಸುವಷ್ಟು ಉದ್ದದ ಏಣಿ ಇಡೀ ತಾಲ್ಲೂಕಿನಲ್ಲಿ ಸಿಗುತ್ತಿಲ್ಲ.

ಆದ್ದರಿಂದ ಕಳೆದುಹೋದ ಜಗಳವನ್ನು ಹುಡುಕಿ ಕೊಡಬೇಕೆಂದು ಕೇಳೋಣವೆಂದೇ ಈ ಪತ್ರ ಶುರು ಮಾಡಿದ್ದೆ. ಇಲ್ಲಿಯವರೆಗೆ ಬರೆದ ಮೇಲೆ ಅದು ಬೇಡವೆನಿಸುತ್ತಿದೆ. ಸಿಕ್ಕರೆ ನದಿಯಲ್ಲೇ ಬಿಟ್ಟುಬಿಡಿ. ನನ್ನ ನಿಜವಾದ ತಕರಾರು ಬೇರೆ ಇದೆ, ಅದನ್ನಷ್ಟು ದಯವಿಟ್ಟು ಸರಿಪಡಿಸಿಕೊಡಬೇಕು. ತಾವು ಹಡಗನ್ನು ಬಹಳ ತಡವಾಗಿ ಬಿಟ್ಟಿರಿ. ನಮ್ಮ ಪ್ರವಾಸದ ತಾರೀಖನ್ನು ಆರು ವರ್ಷ ಹಿಂದಕ್ಕೆ ಹಾಕಿ, ಆ ತಾಯಿ ಬಾಗಿಲ ಕಡೆ ನೋಡುತ್ತ ಮಲಗಿದ್ದ ಮೂರು ದಿನಗಳಲ್ಲಿ ಯಾವುದಾದರೂ ಒಂದು ದಿನ ನನ್ನನ್ನು ಇಂಡಿಗೆ ಮುಟ್ಟಿಸಿ. ಬೆಳಿಗ್ಗೆಯೇ ಆಗಬೇಕೆಂದಿಲ್ಲ, ಸಂಜೆಯಾದರೂ ನಡೆಯುತ್ತದೆ. ಕಿಟಕಿಯ ಸೀಟು ಬೇಡ, ನಿಂತುಕೊಂಡೇ ಬರುತ್ತೇನೆ.

ತಮ್ಮ ಉತ್ತರದ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಬಸಂತರಾಯ ಸಾಲೋಟಗಿ
ಇಂಡಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಕಾಸಿಂಸಾಬ ಓದಿ, ‘ಎಲ್ಲಾ ಬರದಿ, ಊಟ ಸಪ್ಪಗಿತ್ತು ಅಂತ ಬರೀಲಿಲ್ಲಲ್ಲೋ’ ಎಂದು ನೆನಪು ಮಾಡಿದ. ಊಟ ಸಪ್ಪಗಿತ್ತು. ಈ ವಿಷಯದಲ್ಲಿ ಅವನಿಗೂ ನನಗೂ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. ತಮ್ಮ ಕಂಪನಿಯಿಂದ ನನಗಾದ ಹಾನಿ ಎಂಥದ್ದೆಂದು ಇದೊಂದರಿಂದಲೇ ತಾವು ಅಂದಾಜು ಮಾಡಿಕೊಳ್ಳಬೇಕು.