ಬ್ಲಾಂಕೆಟ್ ಮೇಲೊಂದು ಕಂಬಳಿ

ಕುರಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಚುಚ್ಚಲು ಹೋಗುವವನು ನಾನು, ಚುಚ್ಚಿಸಿಕೊಂಡು ಬರುವವನೂ ಹೆಚ್ಚಾಗಿ ನಾನೇ. ರಾಜೇಶ್ವರ ಎಂಬ ಹಳ್ಳಿಯ ಕುರಿಗಾರ ಕಾಕಾನ ಮನೆಯವರ ಬಾಯಿ ಅಂಥದ್ದು. ಕಾಕಿ ನೂಲು ತೆಗೆಯುತ್ತಾಳೆ, ಕಾಕಾ ಕಂಬಳಿ ನೇಯುತ್ತಾನೆ. ಸುಂಕ ಇಳಿದು ಹೊರದೇಶದ ಉಣ್ಣೆ ಬ್ಲಾಂಕೆಟ್‌ಗಳು ಅಗ್ಗವಾಗಿ ಬಂದ ಮೇಲೆ ಆ ಕಂಬಳಿ ಕೇಳುವವರೇ ಇರಲಿಲ್ಲ. 'ಉಳಿದ ಈ ಮೂರು ಕಂಬಳಿ ಮಾರಿ ಹೋಗಲಿಲ್ಲಂದ್ರ ಮಗ್ಗ ಅಟ್ಟಕ್ಕ ಏರಿಸ್ತೀನಿ' ಎಂದಿದ್ದ ಕಾಕಾ.

ತೋಳದ ಪೈಪೋಟಿ

ಕುರಿಗಾರರ ಸಭೆಗೆ ಬಂದ ದೊಡ್ಡ ಸಾಹೇಬರು, 'ಹೊರದೇಶದ ಉಣ್ಣೆ ಮೆತ್ತಗಿರುತ್ತದೆ, ನಿಮ್ಮದು ಚುಚ್ಚುತ್ತದೆ. ಪೈಪೋಟಿ ಹೇಗೆ ಮಾಡುತ್ತೀರಿ?' ಎಂದರು.

ಕಾಕಾ ಎದ್ದು ನಿಂತ. 'ಮೆತ್ತಂದು ಹೊದ್ದಕೊಂಡ್ರ ಕುರಿ ಕಾಯಾವಗ ನಿದ್ದಿ ಹತ್ತತದರಿ ಸಾಹೇಬ್ರ. ಆ ಪೈಪೋಟಿ ತೋಳ ಗೆಲ್ತದ.'

ಅವ್ವನ ಉಣ್ಣೆ

ನಾನೂ ಒಂದು ಬ್ಲಾಂಕೆಟ್ ಕೊಂಡಿದ್ದೆ. ಸುಳ್ಳೇಕೆ ಹೇಳಲಿ, ಬಹಳ ಬೆಚ್ಚಗಿತ್ತು. ಥಂಡಿಯ ಒಂದು ಬೆಳಿಗ್ಗೆ ಕಾಕಾನ ಹಟ್ಟಿಯಲ್ಲಿ ಮರಿಯೊಂದು ನಡುಗುತ್ತಿತ್ತು. ಜಂಬದಿಂದ ಅದಕ್ಕೆ ನನ್ನ ಬ್ಲಾಂಕೆಟ್ ಹೊದಿಸಿದೆ. ಮರಿ ನುಸುಳಿ, ತೆವಳುತ್ತ ಹೋಗಿ ಕಾಕಿ ಹೊದ್ದಿದ್ದ ಕಂಬಳಿಯೊಳಗೆ ತಲೆ ತೂರಿಸಿತು.

'ಬ್ಯಾಸರ ಮಾಡ್ಕೋಬ್ಯಾಡ್ರಿ' ಎಂದಳು ಕಾಕಿ. 'ಇದು ಅದರ ಅವ್ವನ ಉಣ್ಣಿ. ನಿಮ್ಮದ್ರಾಗ ಪಾಪ, ಅದಕ್ಕ ಯಾರ ಗುರುತೂ ಹತ್ತಲಿಲ್ಲ.'

ಸಂತೆಯ ಮಳೆ

ಹುಮನಾಬಾದಿನ ಸಂತೆಯಲ್ಲಿ ಕಾಕಾ ಆ ಮೂರು ಕಂಬಳಿ ಇಟ್ಟುಕೊಂಡು ಕೂತಿದ್ದ, ಪಕ್ಕದಲ್ಲಿ ನಾನು. ಎದುರಿಗೆ ತಳ್ಳುಗಾಡಿಯ ತುಂಬ ಬ್ಲಾಂಕೆಟ್ ಹೇರಿಕೊಂಡ ವ್ಯಾಪಾರಿ, 'ಕಾಕಾ, ಇವನ್ನ ಯಾರು ತಗೋತಾರ? ವಾಪಸ್ ಕುರಿಗೇ ಹೊದಿಸು' ಎಂದು ನಗುತ್ತಿದ್ದ. ನನಗೆ ಮೈ ಉರಿಯಿತು. ಕಾಕಾ ಕಂಬಳಿಗಳ ಮಡಿಕೆ ಸರಿಮಾಡಿದ.

ಒಮ್ಮೆಲೇ ಮಳೆ ಹೊಡೆಯಿತು. ವ್ಯಾಪಾರಿಯ ಹತ್ತಿರ ಗಾಡಿ ಮುಚ್ಚಲು ತಾಡಪತ್ರಿ ಇರಲಿಲ್ಲ. ಎರಡೂ ಕೈ ಚಾಚಿ ಮಾಲಿನ ಮೇಲೆ ತಾನೇ ಮಲಗಿಬಿಟ್ಟ. ಕಾಕಾ ಅವನನ್ನು ಎಬ್ಬಿಸಿ, ಮೂರೂ ಕಂಬಳಿ ಗಾಡಿಯ ಮೇಲೆ ಹೊದಿಸಿದ. 'ಅವೂ ಯಾವದೋ ಕುರೀ ಉಣ್ಣಿನೇ ಅಲ್ಲೇನು' ಎಂದ. ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ, ನೀರು ಮೇಲಿಂದಲೇ ಜಾರಿತು. ನೇಯ್ದವನು ನಾನಲ್ಲದಿದ್ದರೂ ನನ್ನ ಎದೆ ಉಬ್ಬಿತು.

ಅಂಗಡಿಗಳ ತಗಡಿನ ಕೆಳಗೆ ನಿಂತು ಇದನ್ನು ನೋಡಿದ ಜನ ಮಳೆ ನಿಂತದ್ದೇ ಗಾಡಿಯ ಸುತ್ತ ಸೇರಿದರು. ಹಳ್ಳಿಖೇಡದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಒಂದು ಕಂಬಳಿ ಎತ್ತಿ ಝಾಡಿಸಿ, ಒಳಮೈ ಮುಟ್ಟಿದ. 'ಒಣಾ ಅದ. ಇದು ಎಲ್ಲಿಂದರಿ?'

ವ್ಯಾಪಾರಿ ರೂಢಿಯಂತೆ, 'ಇಂಪೋರ್ಟೆಡ್ ಅದರಿ' ಎಂದುಬಿಟ್ಟ.

ಅಷ್ಟರಲ್ಲಿ ಉಳಿದೆರಡು ಕಂಬಳಿಗಳನ್ನೂ ಇಬ್ಬರು ಬೆಲೆ ಕೇಳುತ್ತ ಹೆಗಲಿಗೆ ಹಾಕಿಕೊಂಡಿದ್ದರು. ಕಾಕಾ ಮೀಸೆಯ ನೀರು ಒರೆಸಿಕೊಂಡ.

'ಹೌದ್ರಿ, ರಾಜೇಶ್ವರದಿಂದ ಇಂಪೋರ್ಟ್ ಆಗ್ಯಾದ. ಇನ್ನ ಬೇಕಂದ್ರ ಹೇಳ್ರಿ, ಮಗ್ಗ ಅಟ್ಟಕ್ಕ ಏರಿಲ್ಲ.'