ಎಂಜಿನ್ನಿನ ತೂತಿಗೆ ಕುಂಕುಮ

ತೆರೆದ ತೂತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗೋಡೆಯ ಬಿರುಕಾಗಲಿ, ಬಾಗಿಲ ಸಂದಾಗಲಿ, ಚಿಂದಿಯನ್ನೋ ಮೇಣವನ್ನೋ ತುರುಕಿದ ಮೇಲೆಯೇ ನನಗೆ ಊಟ ರುಚಿಸುವುದು. ಒಮ್ಮೆ ಇಲಿಯ ಬಿಲವೆಂದು ನಾನು ಗಾರೆ ಮೆತ್ತಿದ್ದು ಬಚ್ಚಲ ನೀರು ಹೋಗುವ ದಾರಿಗೆ. ಎಣ್ಣೆನೀರಿನ ದಿನ ನೀರೆಲ್ಲ ನಡುಮನೆಗೆ ಬಂದಾಗ ನಮ್ಮಾಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಇಂಥವನಾದ ನನ್ನದೊಂದು ಬಸ್ಸಿತ್ತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸ್ ಕುಡಿದು ಶಿವಮೊಗ್ಗಕ್ಕೂ ಭದ್ರಾವತಿಗೂ ಏದುತ್ತ ಓಡಾಡುತ್ತಿದ್ದ ಬಸ್ಸು ಒಂದು ದಿನ ಎಂಜಿನ್ನಿನ ಬ್ಲಾಕು, ಅಂದರೆ ಅದರ ಕಬ್ಬಿಣದ ಒಡಲು, ಬಿರಿದು ಕೂತುಬಿಟ್ಟಿತು. "ಗುರುವಾರ ಓಡಿಸಿ ತೋರಿಸಿ. ಇಲ್ಲದಿದ್ರೆ ನಿಮ್ಮ ಲೈನು ಬೇರೆಯವರಿಗೆ" ಎಂದು ಬಸ್ಸುಗಳ ತಪಾಸಣೆಗೆ ಬರುವ ಇನ್‌ಸ್ಪೆಕ್ಟರರು ಹೇಳಿ ಹೋದರು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಲೈನಿನ ಪರವಾನಗಿಯಿಂದ. ನನಗೆ ನಿಜವಾಗಿಯೂ ಭಯವಾಗಿತ್ತು.

ಭದ್ರಾವತಿಯ ಮೆಕ್ಯಾನಿಕ್ ಮುನುಸ್ವಾಮಿ ಎಲ್ಲಿಂದಲೋ ಹಳೆಯ ಲಾರಿಯ ಬ್ಲಾಕೊಂದನ್ನು ಹುಡುಕಿ ತಂದ. "ಬ್ಲಾಕು ಗಟ್ಟಿಯಾಗೈತೆ ಸಾಮಿ. ತೂತು ಮಾತ್ರ ಜಾಸ್ತಿ" ಎಂದ. ಲಾರಿಗೆ ಬೇಕಾಗಿದ್ದ, ನಮ್ಮ ಬಸ್ಸಿಗೆ ಬೇಡವಾದ ಏನೇನೋ ಸಾಮಾನು ಕೂರುವ ಜಾಗಗಳಂತೆ ಅವು. ಎಲ್ಲವನ್ನೂ ಮುಚ್ಚಬೇಕು! ನನಗಾದ ಸಂತೋಷ ಅಷ್ಟಿಷ್ಟಲ್ಲ. ಸವಳಂಗ ರಸ್ತೆಯ ನಮ್ಮ ಶೆಡ್ಡಿನಲ್ಲಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ತಗಡು ಕತ್ತರಿಸಿಕೊಟ್ಟೆ, ರಟ್ಟಿನ ಬಿಲ್ಲೆಗೆ ಎಣ್ಣೆ ಸವರಿಕೊಟ್ಟೆ. "ಊಟಕ್ಕಾದ್ರೂ ಬರ್ತೀರೋ, ಅದನ್ನೇ ಮದುವೆ ಆಗ್ತೀರೋ?" ಎಂದು ನಮ್ಮಾಕೆ ಹೇಳಿಕಳಿಸಿದಳು.

ಬುಧವಾರ ಎಂಜಿನ್ ಜೋಡಿಸಿ ಮುಗಿಯಿತು. ಮುನುಸ್ವಾಮಿ ಕೈ ತೊಳೆಯಲು ಹೋದಾಗ ನಾನು ಪೂಜೆಗೆ ಕೂತೆ. ಕುಂಕುಮ ಹಚ್ಚುತ್ತ ಬಗ್ಗಿದರೆ, ಪಕ್ಕದಲ್ಲಿ ಇನ್ನೂ ಒಂದು ತೂತು ಬಾಯಿ ಬಿಟ್ಟುಕೊಂಡಿದೆ! ಪಾಪ, ಮರೆತಿದ್ದಾನೆ ಎಂದುಕೊಂಡು ಮರದ ಬಿರಡೆ ಕೆತ್ತಿ ಬಡಿದು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಸಿಕ್ಕಿಸಿದೆ. ಮುನುಸ್ವಾಮಿ ಬಂದು ಅದನ್ನು ನೋಡಿದ. ಅದು ಪೂಜೆಯ ವಸ್ತುವೆಂದುಕೊಂಡು ಕಣ್ಣಿಗೊತ್ತಿಕೊಂಡನೇ ಹೊರತು ಮುಟ್ಟಲಿಲ್ಲ. ಕುಂಕುಮ ಹಚ್ಚಿದ್ದನ್ನು ಕೀಳುವ ಧೈರ್ಯ ಯಾರಿಗಿದೆ ಹೇಳಿ.

ಗುರುವಾರ ಇನ್‌ಸ್ಪೆಕ್ಟರರು ಬಿಳಿ ಕೋಟು ತೊಟ್ಟು ಮುಂದಿನ ಸೀಟಿನಲ್ಲಿ ಕೂತರು; ನಾನೂ ಮುನುಸ್ವಾಮಿಯೂ ಹಿಂದೆ. ಅರ್ಧ ದಾರಿಯವರೆಗೆ ಬಸ್ಸು ಹೊಸ ಮದುಮಗನಂತೆ ಗತ್ತಿನಿಂದ ಹೋಯಿತು. ಆಮೇಲೆ ಸುಟ್ಟ ಎಣ್ಣೆಯ ವಾಸನೆ, ಬುಸ್ ಎಂಬ ಸದ್ದು. ಎಣ್ಣೆ ಅಳೆಯುವ ಕಡ್ಡಿ ಹಾರಿ ಬಾನೆಟ್ಟಿಗೆ ಬಡಿಯಿತು. ಎಂಜಿನ್ನಿನ ಎಣ್ಣೆ ಕಾಲಡಿಯ ಹಲಗೆಯ ಸಂದಿನಿಂದ ಚಿಮ್ಮಿ ಬಿಳಿ ಕೋಟಿನ ಮೇಲೆ ಚಿತ್ತಾರ ಬರೆಯಿತು. ಲೈನು ಹೋಯಿತು ಎಂದುಕೊಂಡೆ.

ಮುನುಸ್ವಾಮಿ ಬಾನೆಟ್ ಎತ್ತಿ ಹುಡುಕಿದ. ಕೊನೆಗೆ ಬಾಡಿದ ಸೇವಂತಿಗೆಯತ್ತ ನೋಡಿದ. "ಸಾಮಿ, ಇದರೊಳಗೆ ಏನೈತೆ?"

"ಬಿರಡೆ. ನೀನು ಮರೆತಿದ್ಯಲ್ಲ ಮಾರಾಯ, ಆ ತೂತಿಗೆ."

"ಅಯ್ಯಯ್ಯೋ! ಎಂಜಿನ್ ಉಸಿರು ಬಿಡೋ ದಾರಿ ಸಾಮಿ ಅದು! ಉಸಿರು ಕಟ್ಟಿ ಎಣ್ಣೆ ಕಕ್ಕೈತೆ!"

ಅವನು ಕೈಮುಗಿದು ಬಿರಡೆ ಕಿತ್ತ. ಎಂಜಿನ್ ನಿಟ್ಟುಸಿರು ಬಿಟ್ಟಿತು. ಅದಕ್ಕಿಂತ ದೊಡ್ಡದನ್ನು ನಾನು ಬಿಟ್ಟೆ. ಎಣ್ಣೆ ತುಂಬಿಸಿಕೊಂಡು ಹೊರಟ ಬಸ್ಸು ಭದ್ರಾವತಿಯ ನ್ಯೂ ಟೌನಿಗೆ ಹೋಗಿ, ಎಲ್ಲೂ ಕೆಮ್ಮದೆ ಹಿಂತಿರುಗಿತು.

ಇನ್‌ಸ್ಪೆಕ್ಟರರು ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಇಳಿದರು. "ಬಸ್ಸಿನಲ್ಲಿ ದೋಷವಿಲ್ಲ. ಲೈನು ನಿಮ್ಮದೇ. ಒಂದೇ ಷರತ್ತು, ಮಾಲೀಕರು ಬಾನೆಟ್ ಮುಟ್ಟಬಾರದು" ಎಂದರು. ನಮ್ಮಾಕೆ ಅಂದು ಪಾಯಸ ಮಾಡಿದಳು.

ಈಗ ನಮ್ಮ ಬಸ್ಸು ದಿನವೂ ತುಂಬಿ ಹೋಗುತ್ತದೆ. ಎಂಜಿನ್ನಿಗೆ ಆದಷ್ಟು ದೂರವಿರಲೆಂದು ಡ್ರೈವರು ನನ್ನನ್ನು ಕಟ್ಟಕಡೆಯ ಸೀಟಿನಲ್ಲಿ ಕೂರಿಸುತ್ತಾನೆ. ನನಗೇನೂ ಬೇಸರವಿಲ್ಲ. ಆದರೆ ಅಲ್ಲಿ ನನ್ನ ಕಾಲ ಬುಡದಲ್ಲೇ ಹಲಗೆಯಲ್ಲೊಂದು ತೂತಿದೆ, ಧೂಳು ಬರುತ್ತದೆ. ಸದ್ಯಕ್ಕೆ ಅದರ ಮೇಲೆ ಕಾಲಿಟ್ಟುಕೊಂಡು ಕೂತಿರುತ್ತೇನೆ.